ಹತ್ತನೇ ಹಾಜರಿ

ಬೆಳಿಗ್ಗೆ ಒಂಬತ್ತೂವರೆಗೆ ಹರಿಪ್ರಸಾದ್ ಮೇಷ್ಟ್ರ ಜೇಬಿನಲ್ಲಿ ಫೋನು ಗುಂಯ್ ಅಂದದ್ದೇ ಎಲ್ಲಕ್ಕೂ ಮೂಲ. ಇಲಾಖೆಯ ವಾಟ್ಸ್ಯಾಪ್ ಗುಂಪಿನಲ್ಲಿ ಆದೇಶ ಬಂದಿತ್ತು. ಪ್ರತಿ ಸರ್ಕಾರಿ ಶಾಲೆಯೂ ನಾಲ್ಕನೇ ತರಗತಿಯಿಂದ ಅಸಾಧಾರಣ ಪ್ರತಿಭೆಯ ಮಕ್ಕಳನ್ನು, ಇಬ್ಬರಿಗೆ ಮೀರದಂತೆ, ಗುರುತಿಸಿ ಇಂದೇ ಮಧ್ಯಾಹ್ನ ಹನ್ನೆರಡಕ್ಕೆ ನಂಜನಗೂಡಿನ ಪರೀಕ್ಷಾ ಕೇಂದ್ರಕ್ಕೆ ಕರೆತರತಕ್ಕದ್ದು. ಆಯ್ಕೆಯಾದವರು ಮುಂದಿನ ಸೋಮವಾರವೇ ಮೈಸೂರಿನ ವಸತಿ ಶಾಲೆಗೆ ಸೇರತಕ್ಕದ್ದು. ಒಂದು ಮಗುವಿನ ತಲೆಯಲ್ಲಿ ಏನಿದೆ ಎಂದು ಪತ್ತೆ ಮಾಡಲು ಇಲಾಖೆ ದೊಡ್ಡ ಮನಸ್ಸು ಮಾಡಿ ಎರಡೂವರೆ ಗಂಟೆ ಕೊಟ್ಟಿತ್ತು.

ಮುತ್ತಿನಕೊಪ್ಪಲಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಇದ್ದವರೇ ಇಬ್ಬರು. ಒಬ್ಬಳು ಶಾಲಿನಿ. ತಾಯಿ ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಅಜ್ಜಿ ರಾಮಮ್ಮ ಇದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ, ತಂಗಿ ಪುಟ್ಟಿ ಒಂದನೇ ಕ್ಲಾಸು. ಇನ್ನೊಬ್ಬ ದೀಪಕ್, ಶಾಲಾ ಸಮಿತಿ ಅಧ್ಯಕ್ಷ ಕೆಂಪಯ್ಯನ ಮೊಮ್ಮಗ. ಅವನ ಮಗ್ಗಿ ಎರಡನ್ನು ದಾಟಿರಲಿಲ್ಲ. ಆದರೆ ಪಕ್ಕದವರ ಸ್ಲೇಟಿನ ವಿಷಯಕ್ಕೆ ಬಂದರೆ ಅವನದು ಹದ್ದಿನ ಕಣ್ಣು.

ಮೇಷ್ಟ್ರಿಗೆ ಯಾರೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಶಾಲಿನಿ ಮೂರು ತಿಂಗಳಿಂದ ಶಾಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ನರಸೀಪುರದ ಬಸ್ಸು ಬರುವ ಹೊತ್ತನ್ನು ಬರೆಯುತ್ತಿದ್ದಳು. ಯಾಕವ್ವ ಎಂದರೆ, "ಸುಮ್ಗೆ ಸಾ, ಅದ್ರಾಗೊಂದು ಲೆಕ್ಕ ಅದೆ" ಅನ್ನುತ್ತಿದ್ದಳು. ಗಣಿತದ ಪುಸ್ತಕದಲ್ಲಿ ಅಚ್ಚಾಗಿದ್ದ ಒಂದು ಉತ್ತರ ತಪ್ಪೆಂದು ಅವಳು ತೋರಿಸಿದ ರಾತ್ರಿ ಮೇಷ್ಟ್ರಿಗೆ ನಿದ್ದೆ ಬಂದಿರಲಿಲ್ಲ. ಅದು ಸಂತೋಷವಲ್ಲ, ಭಯ. ಇಂಥ ಮಗು ತನ್ನಂಥ ಸಾಧಾರಣ ಮನುಷ್ಯನ ಕೈಯಲ್ಲಿ, ಸೋರುವ ಸೂರಿನ ಕೆಳಗೆ ಬಾಡಿಹೋಗುತ್ತದಲ್ಲ ಎಂಬ ಭಯ.

ತೊಡಕು ಇನ್ನೊಂದಿತ್ತು. ಹಾಜರಿ ಪುಸ್ತಕದಲ್ಲಿದ್ದದ್ದು ಸರಿಯಾಗಿ ಹತ್ತು ಹೆಸರು. ಒಂಬತ್ತಾದರೆ ಶಾಲೆಗೆ ಬೀಗ, ಉಳಿದ ಮಕ್ಕಳು ನಾಲ್ಕು ಕಿಲೋಮೀಟರು ನಡೆದು ಲಾರಿ ಓಡಾಡುವ ಹೆದ್ದಾರಿ ದಾಟಿ ಆಚೆಯ ಶಾಲೆಗೆ ಹೋಗಬೇಕು ಎಂದು ಜೂನ್ ತಿಂಗಳಲ್ಲೇ ಪತ್ರ ಬಂದಿತ್ತು. ಅಂದಿನಿಂದ ಮೇಷ್ಟ್ರು ಆ ಹತ್ತು ಮಕ್ಕಳನ್ನು ಮೊಟ್ಟೆ ಬುಟ್ಟಿಯಂತೆ ಕಾಯುತ್ತಿದ್ದರು. ಒಂದಕ್ಕೆ ಶೀತವಾದರೆ ಇವರಿಗೆ ಜ್ವರ.

ಆದರೂ ಅವರು ಧೈರ್ಯ ಮಾಡಿ ಅರ್ಜಿಯಲ್ಲಿ ಒಂದೇ ಹೆಸರು ಬರೆದರು. ಶಾಲಿನಿ. ರಾಮಮ್ಮ ಸಾರಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಉಳಿದ ಮಕ್ಕಳನ್ನು ಅವಳಿಗೆ ಒಪ್ಪಿಸಿ ಮೇಷ್ಟ್ರು ಬಸ್ ಸ್ಟಾಪಿಗೆ ಹೊರಟರು.

"ಸಾ, ಹತ್ತೂಕಾಲಿನ ಬಸ್ಸು ಇವತ್ತು ಬರಾಕಿಲ್ಲ," ಎಂದಳು ಶಾಲಿನಿ. "ಇವತ್ತು ಎಲ್ಡ್ನೇ ಮಂಗಳವಾರ. ಮೂರು ತಿಂಗ್ಳಿಂದ ಎಲ್ಡ್ನೇ ಮಂಗಳವಾರ ಬಂದೇ ಇಲ್ಲ."

"ಸರ್ಕಾರಿ ಬಸ್ಸಮ್ಮ ಅದು, ಬರತ್ತೆ," ಎಂದರು ಮೇಷ್ಟ್ರು. ಅಸಾಧಾರಣ ಪ್ರತಿಭೆಯನ್ನು ಗುರುತಿಸಿದ ಹತ್ತೇ ನಿಮಿಷದಲ್ಲಿ ಅದರ ಮಾತನ್ನು ತಳ್ಳಿಹಾಕಿದ ಕೀರ್ತಿ ಅವರದು.

ಕಾಯುತ್ತಾ ಹೆಂಡತಿ ಚಂಪಕಳಿಗೆ ಫೋನು ಹಚ್ಚಿದರು. "ಇವಳು ಹೋದ್ರೆ ಒಂಬತ್ತಾಗತ್ತೆ ಕಣೇ. ಸ್ಕೂಲು ಮುಚ್ತಾರೆ. ರಾಮಮ್ಮನ ಕೆಲಸ ಹೋಗತ್ತೆ, ಪುಟ್ಟ ಮಕ್ಕಳು ರೋಡು ದಾಟಬೇಕು, ನನ್ನನ್ನ ಎಲ್ಲಿಗೆ ಎಸೀತಾರೋ. ಏನಾದ್ರೂ ಆಗ್ಲಿ, ಈ ಮಗು ಒಂದು ಬದುಕಿಕೊಳ್ಳಲಿ." ಶಾಲಿನಿ ಹುಣಸೆಮರದ ಬುಡದಲ್ಲಿ ಕೂತು ಇರುವೆ ನೋಡುತ್ತಿದ್ದಳು. ಕೇಳಿಸಿಕೊಂಡಿರಲಾರಳು ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು.

ಹನ್ನೊಂದಾದರೂ ಬಸ್ಸಿಲ್ಲ. ಬಂದದ್ದು ಕೆಂಪಯ್ಯನ ಹಳೇ ಓಮ್ನಿ. ಒಳಗೆ ನಂಜನಗೂಡಿನ ಮಂಡಿಗೆ ಹೊರಟ ಬಾಳೆಗೊನೆ, ಅವುಗಳ ನಡುವೆ ತಲೆಗೆ ಎಣ್ಣೆ ಹಚ್ಚಿಸಿಕೊಂಡ ದೀಪಕ್.

"ಏನ್ ಮೇಷ್ಟ್ರೇ, ಊರೆಲ್ಲ ಗೊತ್ತಾದ್ ಮ್ಯಾಕೆ ನಮ್ಗ್ ಗೊತ್ತಾಗ್ಬೇಕಾ? ಕೊಡಿ ಇಲ್ಲಿ ಕಾಗ್ದವ," ಎಂದು ಕೆಂಪಯ್ಯ ಅರ್ಜಿ ಕಿತ್ತುಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದ. "ಮಗು ಒಂದೇ ಕಡೆ ಕೂರದೆ ಚಡಪಡಿಸುತ್ತದೆಯೇ? ಊಂ. ಪಾಠದಲ್ಲಿ ಬೇಗ ಬೇಸರ ಪಡುತ್ತದೆಯೇ? ಊಂ. ಹಿರಿಯರಿಗೆ ಎದುರುತ್ತರ ಕೊಡುತ್ತದೆಯೇ? ಅಯ್ಯೋ ಸಾ, ಇದೆಲ್ಲಾ ನಮ್ಮೈದನ್ನ ನೋಡ್ಕಂಡೇ ಬರ್ದಂಗದಲ್ಲ! ನೆನ್ನೆ ನನ್ನೇ ಮುದ್ಯಾ ಅಂದ ಕಣ್ ಸಾ."

"ಕೆಂಪಯ್ನೋರೇ, ಪರೀಕ್ಷೆ ಕಷ್ಟ ಇರತ್ತೆ..."

"ಕಷ್ಟ ಇರ್ಲಿ ಬುಡಿ. ಇವ್ನೆಸ್ರು ಬರುದ್ರೆ ಗಾಡಿ ಅತ್ಗಳಿ. ಇಲ್ದಿದ್ರೆ ನಾಳೆನೇ ಟೀಸಿ ಕೊಡಿ. ನರಸೀಪುರದ ಕಾನ್ವೆಂಟ್ ವ್ಯಾನು ನಮ್ ಬಾಗ್ಲಿಗೇ ಬತ್ತದೆ."

ಟೀಸಿ ಅಂದರೆ ಒಂಬತ್ತು. ಶಾಲಿನಿಯೂ ಹೋದರೆ ಎಂಟು. ಗಡಿಯಾರ ಹನ್ನೊಂದೂಹತ್ತು ತೋರಿಸುತ್ತಿತ್ತು. ಹೇಗೂ ಈ ಹುಡುಗ ಪಾಸಾಗುವ ಪ್ರಶ್ನೆಯೇ ಇಲ್ಲ, ಬರೆದರೆ ನಷ್ಟವೇನು ಎಂದುಕೊಂಡು ಮೇಷ್ಟ್ರು ಎರಡನೇ ಸಾಲಿನಲ್ಲಿ ದೀಪಕ್ ಎಂದು ಬರೆದರು. ತಮ್ಮ ಜಾಣತನಕ್ಕೆ ತಾವೇ ಸ್ವಲ್ಪ ಖುಷಿಪಟ್ಟರು ಕೂಡ.

ಓಮ್ನಿ ಎರಡು ಸಲ ಕೆಮ್ಮಿ ನಿಂತಿತು, ಬಾಗಿಲು ಒಂದು ಸಲ ಕಳಚಿತು. ಬಾಗಿಲನ್ನು ಹಗ್ಗದಿಂದ ಕಟ್ಟಿ, ಆ ಹಗ್ಗದ ತುದಿಯನ್ನು ಮೇಷ್ಟ್ರ ಕೈಗೆ ಕೊಟ್ಟು ಕೆಂಪಯ್ಯ ಗಾಡಿ ಓಡಿಸಿದ. ಕಪಿಲೆಯ ಸೇತುವೆ ದಾಟುವ ಹೊತ್ತಿಗೆ ಮೇಷ್ಟ್ರ ಅಂಗೈ ಸುಲಿದಿತ್ತು, ಬಿಳಿ ಅಂಗಿಯ ತುಂಬ ಬಾಳೆಕರೆ. ಶಾಲಿನಿ ದಾರಿಯುದ್ದಕ್ಕೂ ಬೆರಳು ಮಡಿಸುತ್ತಾ ಬಿಚ್ಚುತ್ತಾ ಏನೋ ಲೆಕ್ಕ ಹಾಕುತ್ತಿದ್ದಳು.

ಕೇಂದ್ರದ ಉಸ್ತುವಾರಿ ಹರಿಪ್ರಿಯಾ ಮೇಡಂ ಮೇಷ್ಟ್ರ ಅಂಗಿಯನ್ನು ನೋಡಿ ಮೂಗು ಮುರಿದರು. "ಒಂದೇ ಶಾಲೆಯವರು ಒಂದೇ ಬೆಂಚಲ್ಲಿ ಕೂತ್ಕೊಳ್ಳಿ. ಬೇರೆ ಬೇರೆ ಕೂರಿಸೋಕೆ ಟೈಮಿಲ್ಲ," ಎಂದು ಅವರು ಪ್ರಶ್ನೆಪತ್ರಿಕೆಯನ್ನೂ ಉತ್ತರದ ಹಾಳೆಯನ್ನೂ ಹಂಚಿದರು. ನಲವತ್ತು ಪ್ರಶ್ನೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದರ ವೃತ್ತಕ್ಕೆ ಉತ್ತರದ ಹಾಳೆಯಲ್ಲಿ ಮಸಿ ತುಂಬಬೇಕು. ಎಲ್ಲರಿಗೂ ಅದೇ ಪತ್ರಿಕೆ.

ಮೇಷ್ಟ್ರು ಹೊರಗೆ ಕಿಟಕಿಯ ಸಂದಿಯಲ್ಲಿ ಇಣುಕಿದರು. ಶಾಲಿನಿಯ ಪೆನ್ನು ನಿಲ್ಲದೆ ಓಡುತ್ತಿತ್ತು. ಅರ್ಧ ಗಂಟೆಗೆ ಎಲ್ಲ ಮುಗಿಸಿ ಕೈಕಟ್ಟಿ ಕೂತಳು. ಶಾಲೆ ಹೋದರೂ ಸರಿ, ಇದೊಂದು ಗೆದ್ದೆ ಎಂದು ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಸಂಜೆ ಐದರೊಳಗೆ ಪಟ್ಟಿ ಕಳಿಸಬೇಕಿದ್ದರಿಂದ ಅಲ್ಲೇ ತೂತು ಹೊಡೆದ ರಟ್ಟನ್ನು ಉತ್ತರದ ಹಾಳೆಗಳ ಮೇಲಿಟ್ಟು ಅಂಕ ಹಾಕಿದರು. ನಾಲ್ಕೂವರೆಗೆ ಮೇಡಂ ಹೊರಗೆ ಬಂದರು, ಮುಖ ಊದಿಕೊಂಡಿತ್ತು.

"ಮುತ್ತಿನಕೊಪ್ಪಲು ಯಾರ್ರೀ? ನಿಮ್ಮ ದೀಪಕ್ ನಲವತ್ತಕ್ಕೆ ನಲವತ್ತು. ಇಡೀ ಕೇಂದ್ರಕ್ಕೇ ಫಸ್ಟು."

ಕೆಂಪಯ್ಯ ನೆಲಕ್ಕೆ ಕುಸಿದು, "ನಂಜುಂಡಪ್ಪಾ!" ಎಂದು ಗೊಳೋ ಅಂತ ಅತ್ತ. ದೀಪಕ್ ಮಾತ್ರ ಯಾರನ್ನೂ ನೋಡದೆ ಚಪ್ಪಲಿಯಿಂದ ಮಣ್ಣು ಕೆದರುತ್ತಿದ್ದ.

"ಮೇಡಂ, ಶಾಲಿನಿ?" ಎಂದರು ಮೇಷ್ಟ್ರು.

"ಸೊನ್ನೆ. ಕಣ್ಣು ಮುಚ್ಕೊಂಡು ಮಸಿ ಬಳಿದಿದ್ರೂ ಹತ್ತು ಬರ್ತಿತ್ತು ಕಣ್ರೀ! ಇಂಥ ಮಗೂನ ಅಸಾಧಾರಣ ಪ್ರತಿಭೆ ಅಂತ ಬರ್ಕೊಂಡು ಬಂದಿದೀರಲ್ಲ, ನಾಳೆ ಲಿಖಿತ ವಿವರಣೆ ಕೊಡಿ."

ಮೇಷ್ಟ್ರು ಶಾಲಿನಿಯನ್ನು ಬೇವಿನಮರದ ಕೆಳಗೆ ಕರೆದೊಯ್ದು ಅವಳ ಕೈಯಲ್ಲಿ ಮಡಚಿದ್ದ ಪ್ರಶ್ನೆಪತ್ರಿಕೆಯನ್ನು ಬಿಚ್ಚಿ ನೋಡಿದರು. ಪ್ರತಿ ಪ್ರಶ್ನೆಯಲ್ಲೂ ಒಂದು ಉತ್ತರದ ಪಕ್ಕ ಪುಟ್ಟ ಚುಕ್ಕೆ. ಒಂದೊಂದಾಗಿ ನೋಡುತ್ತಾ ಹೋದರು. ನಲವತ್ತು ಚುಕ್ಕೆಯೂ ಸರಿಯಾದ ಉತ್ತರಕ್ಕೇ ಇತ್ತು.

"ಇದೇನವ್ವ?"

"ಎಲ್ಲಾನೂ ತಪ್ ಬರೀಬೇಕು ಅಂದ್ರೆ ಮೊದ್ಲು ಸರಿ ಯಾವ್ದು ಅಂತ ಗೊತ್ತಿರ್ಬೇಕಲ್ವಾ ಸಾ? ಅದ್ಕೆ ಇಲ್ಲಿ ಚುಕ್ಕೆ ಇಟ್ಕಂಡು, ಅಲ್ಲಿ ಬ್ಯಾರೆದ್ಕೆ ಮಸಿ ತುಂಬ್ದೆ." ಅವಳು ತಲೆ ತಗ್ಗಿಸಿದಳು. "ನಾನೋದ್ರೆ ಒಂಬತ್ತಾಯ್ತದೆ ಅಂದ್ರಲ್ಲ ಸಾ, ಫೋನಲ್ಲಿ. ಅಜ್ಜಿ ಕೆಲ್ಸ ಓಯ್ತದೆ. ಪುಟ್ಟಿಗೆ ಲಾರಿ ರೋಡು ದಾಟಕ್ಕೆ ಬರಾಕಿಲ್ಲ. ಸೊನ್ನೆ ಬಂದ್ರೆ ನಾನು ಇಲ್ಲೇ ಇರ್ಬೌದಲ್ಲ ಅಂತ."

ಮೇಷ್ಟ್ರಿಗೆ ದೀಪಕ್‌ನ ಹದ್ದಿನ ಕಣ್ಣು ನೆನಪಾಯಿತು. ಅವನು ಉತ್ತರದ ಹಾಳೆ ನೋಡಿರಲಿಲ್ಲ, ತನ್ನ ಕಡೆಗಿದ್ದ ಪ್ರಶ್ನೆಪತ್ರಿಕೆಯ ಚುಕ್ಕೆ ನೋಡಿದ್ದ. ಮೇಡಂ ಬಳಿ ಓಡಿ ಹೇಳಿಬಿಡಲೆಂದು ಮೇಷ್ಟ್ರು ನಾಲ್ಕು ಹೆಜ್ಜೆ ಇಟ್ಟರು. ಬಾಗಿಲ ಪಕ್ಕದ ನೋಟೀಸು ಕಣ್ಣಿಗೆ ಬಿತ್ತು. ನಕಲು ಕಂಡುಬಂದಲ್ಲಿ ತೋರಿಸಿದವರು, ನೋಡಿದವರು ಇಬ್ಬರಿಗೂ ಮುಂದೆ ಯಾವ ಪರೀಕ್ಷೆಗೂ ಅವಕಾಶವಿಲ್ಲ. ಅಷ್ಟೇ ಅಲ್ಲ, ಮರ್ಯಾದೆ ಹೋದ ಕೆಂಪಯ್ಯ ನಾಳೆ ಬೆಳಿಗ್ಗೆಯೇ ಟೀಸಿಗೆ ಬಂದು ನಿಲ್ಲುತ್ತಾನೆ. ಮೇಷ್ಟ್ರು ಇಟ್ಟ ಹೆಜ್ಜೆಗಳನ್ನೇ ಎಣಿಸಿಕೊಂಡು ವಾಪಸು ಬಂದರು.

"ಮೇಷ್ಟ್ರೇ, ಸೋಮವಾರಕ್ಕೆ ಮೊಮ್ಮಗನ್ನ ಮೈಸೂರ್ಗ್ ಬುಟ್ಬುಟ್ ಬತ್ತೀನಿ," ಎಂದು ಕೆಂಪಯ್ಯ ಅವರ ಸುಲಿದ ಕೈಯನ್ನೇ ಹಿಡಿದು ಕುಲುಕಿದ. "ನಿಮ್ ಪಾಠದ ಫಲ ಸಾ ಇದು. ಇಸ್ಕೂಲ್ ಮುಚ್ಚುದ್ರೂ ಯೋಚ್ನೆ ಮಾಡ್ಬ್ಯಾಡಿ, ಆ ಕಟ್ಟಡದಾಗೆ ಆಲಿನ ಡೈರಿ ಮಾಡ್ಸಾಣ."

ವಾಪಸು ಬರುವಾಗ ಓಮ್ನಿಯಲ್ಲಿ ಬಾಳೆಗೊನೆ ಇರಲಿಲ್ಲ. ದೀಪಕ್ ಮುಂದಿನ ಸೀಟಿನಲ್ಲಿ ಹೂವಿನ ಹಾರ ಹಾಕಿಕೊಂಡು ಕೂತಿದ್ದ. ಮೇಷ್ಟ್ರು ಹಿಂದೆ ಬಾಗಿಲ ಹಗ್ಗ ಹಿಡಿದಿದ್ದರು. ಶಾಲಿನಿ ಹಾರದ ಕಡೆ ಬಹಳ ಹೊತ್ತು ನೋಡಿ, ಹತ್ತೂ ಬೆರಳು ಬಿಡಿಸಿ, ಒಂದನ್ನು ಮಡಿಸಿದಳು. ಅವಳ ಮುಖದ ಬಣ್ಣ ಇಳಿಯಿತು.

"ಸಾ," ಎಂದಳು ಮೆಲ್ಲಗೆ, "ದೀಪಕ್ ಮೈಸೂರ್ಗೋದ್ರೂ ಒಂಬತ್ತೇ ಅಲ್ವಾ?"

ಮೇಷ್ಟ್ರು ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಯಾವಾಗಲಿನ ಹಾಗೆ ಈ ಸಲವೂ ಅವಳ ಉತ್ತರ ಸರಿಯಾಗಿತ್ತು. "ಹೌದವ್ವ," ಎಂದರು.