ಅಣ್ಣನ ಕಾಲು ತಮ್ಮನಿಗೆ

ಗೊತ್ತಿಲ್ಲದ ವಿಷಯದ ಬಗ್ಗೆ ಮಾತಾಡುವಾಗ ನನಗೆ ಬರುವ ಧೈರ್ಯ, ಗೊತ್ತಿರುವ ವಿಷಯಕ್ಕೆ ಯಾಕೆ ಬರುವುದಿಲ್ಲವೋ ತಿಳಿಯದು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು ನಾನು. ಕಲ್ಯಾಣದ ಕೋಟೆಯ ಬಗ್ಗೆ ಯಾರಾದರೂ ಕೇಳಿದರೆ, ಪುಸ್ತಕ ನೋಡಿ ಹೇಳುತ್ತೇನೆ ಎಂದು ಜಾರಿಕೊಳ್ಳುತ್ತೇನೆ. ಕಾರಿನ ಬಗ್ಗೆ ಕೇಳಿದರೆ ಮಾತ್ರ, ಕೇಳಿದವರು ಎದ್ದು ಹೋದರೂ ನನ್ನ ಮಾತು ನಿಲ್ಲುವುದಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ, ಯಾರೋ ಓಡಿಸಿ ದಣಿಸಿದ್ದ ಒಂದು ಸಣ್ಣ ಕಾರು ನಮ್ಮ ಮನೆಗೆ ಬಂದಾಗ ಅಂಟಿದ ರೋಗ ಇದು.

ಮನೆ ಬಸವಕಲ್ಯಾಣದಲ್ಲಿ, ನೌಕರಿ ಹುಮನಾಬಾದಿನಲ್ಲಿ. ಹೆಂಡತಿ ಸುವರ್ಣಾ ಕೂಡ ಅಲ್ಲಿಯೇ ಹೈಸ್ಕೂಲ್ ಟೀಚರ್. ನಾಚಿಕೆ ಬಿಟ್ಟು ಹೇಳುತ್ತೇನೆ, ದಿನಾ ಆಕೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೋಗಿ ಬರಬೇಕೆಂಬ ಒಂದೇ ಆಸೆಗೆ ಆ ಕಾರು ಕೊಂಡದ್ದು. ಹದಿನೈದೇ ದಿನಕ್ಕೆ ಆಕೆ, "ನಾಳಿಂದ ನಾ ಬಸ್ಸಿಗಿ ಬರ್ತೀನ್ರಿ," ಎಂದಳು. ಯಾಕೆ ಎಂದು ಕೇಳಿದರೆ, "ಸುಮ್ನ." ಮರುದಿನದಿಂದ ಮುಂದೆ ಬಸ್ಸು, ಅದರ ಕಿಟಕಿಯಲ್ಲಿ ನನ್ನ ಹೆಂಡತಿ, ಹಿಂದೆ ಕಾರಿನಲ್ಲಿ ಅದರ ಹೊಗೆ ಕುಡಿಯುತ್ತ ನಾನು. ಓಣಿಯವರೆಲ್ಲ ಮನೆಯಲ್ಲಿ ಏನೋ ಜಗಳವಾಗಿದೆ ಎಂದುಕೊಂಡರು. ನನಗೆ ಮಾತ್ರ ಕಾರಣ ಸ್ಪಷ್ಟವಿತ್ತು: ಶಾಕಪ್ಸರ್, ಅಂದರೆ ಗುಂಡಿಯ ಹೊಡೆತ ನುಂಗಬೇಕಾದ ಶಾಕ್ ಅಬ್ಸಾರ್ಬರ್. ಕಾರು ಪ್ರತಿ ಗುಂಡಿಗೂ ದಡಕ್ಕೆನ್ನುತ್ತಿತ್ತು, ಅದು ಯಾಕೆ ಹಾಗೆನ್ನುತ್ತದೆ ಎಂಬುದನ್ನು ಪ್ರತಿ ಗುಂಡಿಯಲ್ಲೂ ನಾನೇ ಆಕೆಗೆ ಬಿಡಿಸಿ ಹೇಳಿದ್ದೆನಲ್ಲ.

ಹುಮನಾಬಾದಿನ ಹೆದ್ದಾರಿ ಪಕ್ಕದ ಗ್ಯಾರೇಜಿನ ರಶೀದ್ ಉಸ್ತಾದರು ಕಾರಿನ ಕೆಳಗೆ ತೂರಿ ಹೊರಬಂದರು. "ಫಿಕರ್ ಮಾಡಬ್ಯಾಡ್ರಿ ಸರ್. ಇದೇ ಕಂಪನಿದು ಇದಕಿಂತ ದೊಡ್ಡ ಗಾಡಿ ಅದ ನೋಡ್ರಿ, ಇದರ ಅಣ್ಣ. ಅದರ ಶಾಕಪ್ಸರ್, ಸ್ಪ್ರಿಂಗ್ ಇದಕ್ಕ ಬರೋಬ್ಬರ್ ಕೂಡ್ತಾವ. ಒಂದೇ ಖಾನ್‌ದಾನ್ ರಿ." ಈ ಕೊನೆಯ ಮಾತಿಗೆ ನಾನು ಬಿದ್ದೆ. ನಮ್ಮ ಕಡೆ ಹೆಣ್ಣು ಗಂಡು ಹೊರಗಿನವರಾದರೆ ಏಳು ಊರು ತಿರುಗಿ ವಿಚಾರಿಸುತ್ತೇವೆ. ಮನೆತನದೊಳಗೇ ಆದರೆ ಯಾರೂ ಏನೂ ಕೇಳುವುದಿಲ್ಲ. ಸುವರ್ಣಾ ನನ್ನ ಸೋದರಮಾವನ ಮಗಳು. ಆಗಲೂ ನಾನು ಏನೂ ಕೇಳಿರಲಿಲ್ಲ.

ಅಣ್ಣನ ಶಾಕಪ್ಸರ್, ಸ್ಪ್ರಿಂಗ್ ಹಾಕಿಸಿದೆ. ಬೋಲ್ಟುಗಳೇನೋ ಕೂತವು. ಆದರೆ ಕಾರು ಮೂಗು ಮೇಲೆತ್ತಿ ನಿಂತಿತು. ಸಂಜೆ ದೀಪ ಹಾಕಿದರೆ ರಸ್ತೆಯ ಬದಲು ಬೇವಿನ ಮರದ ಹಕ್ಕಿಗಳು ಎಚ್ಚರಾಗುತ್ತಿದ್ದವು. ಅಣ್ಣನ ಭಾರದ ಇಂಜಿನ್ನಿಗೆಂದು ಮಾಡಿದ ಸ್ಪ್ರಿಂಗು ನನ್ನ ಹಗುರ ಕಾರಿಗೆ ಬಗ್ಗಲೇ ಇಲ್ಲ. ಮೊದಲು ಗುಂಡಿಗೆ ಮಾತ್ರ ಹಾರುತ್ತಿದ್ದದ್ದು ಈಗ ಸಣ್ಣ ಕಲ್ಲಿಗೂ ಹಾರತೊಡಗಿತು. ಸಿಟ್ಟಿನಿಂದ ಉಸ್ತಾದರ ಮುಂದೆ ನಿಂತೆ. ಅವರು ಬೀಡಿ ಆರಿಸಿ ಶಾಂತವಾಗಿ, "ಮುಂದ ವಜನ್ ಬೇಕ್ರಿ ಸರ್. ವಜನ್ ಇತ್ತಂದ್ರ ಮಖಮಲ್," ಎಂದರು.

ವಜನು ನಮ್ಮ ಓಣಿಯಲ್ಲೇ ಇತ್ತು. ಮಾಣಿಕಪ್ಪನವರು ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರಿಗಳು, ಎರಡು ಚೀಲ ತೊಗರಿಗೆ ಕಡಿಮೆಯಿಲ್ಲದ ಆಸಾಮಿ. ಅವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿದ್ದೇ ತಡ, ಕಾರು ತಲೆ ಬಗ್ಗಿಸಿ ಸೊಸೆಯಂತೆ ಸರಿಯಾಗಿ ನಡೆಯಿತು. "ದಿನಾ ಕರ್ಕೊಂಡ್ ಹೋಗ್ತೀರಿ, ಭಾಳ ದೊಡ್ಡ ಮನಸ್ರಿ ನಿಮ್ದು," ಎಂದು ಅವರು ಕಂಡಕಂಡವರೆದುರು ಹೊಗಳಿದರು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಸುವರ್ಣಾಳನ್ನು ಬೇಡಿಕೊಂಡು ಒಂದು ದಿನ ಹಿಂದಿನ ಸೀಟಿನಲ್ಲಿ ಕೂಡಿಸಿದೆ. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಆಕೆಯ ಜಾಗದಲ್ಲಿ ಮಾಣಿಕಪ್ಪ ಕೂತಿದ್ದರು, ಇರಲಿ. ಇಳಿಯುವಾಗ, ಹೇಗಿತ್ತು ಎಂದು ಕೇಳಿದೆ. "ಗಾಡಿ ಭಾಳ ಛಲೋ ಆಗ್ಯಾದ್ರಿ," ಎಂದಳು. ಮರುದಿನ ಮತ್ತೆ ಬಸ್ಸು. ನನಗೆ ತಡೆಯಲಾಗಲಿಲ್ಲ. "ಇನ್ನೇನ್ ಮಾಡ್ಲಿ ಹೇಳು?" ಎಂದು ರೇಗಿದೆ.

"ಗಾಡಿಗಿ ಮೊದಲೂ ಏನ್ ಆಗಿದ್ದಿಲ್ರಿ," ಎಂದಳು ಆಕೆ, ರೊಟ್ಟಿ ತಟ್ಟುತ್ತ. "ನೀವು ಊರು ಬಿಟ್ಟಾಗಿಂದ ಊರು ಮುಟ್ಟೋತನ ಶಾಕಪ್ಸರ್ ಅದೊಂದೇ ಹೇಳಾಕತ್ತಿದ್ರಿ. ನಿನ್ನೆನೂ ಮಾಣಿಕಪ್ಪಣ್ಣಾರಿಗಿ ಅದೇ ಹೇಳಿದ್ರಿ, ಪಾಪ. ಸಾಲ್ಯಾಗ ದಿನಾ ನಾ ಮಾತಾಡ್ತೀನಿ, ಮನ್ಯಾಗ ನೀವು ಮಾತಾಡ್ತೀರಿ. ಬಸ್ಸಿನ್ಯಾಗ ಒಂದ್ ತಾಸು ಯಾರೂ ನಂಗ ಏನೂ ತಿಳಿಸಿ ಹೇಳಂಗಿಲ್ಲ."

ಬೇಸರವಾಯಿತು. ಸುಳ್ಳು ಯಾಕೆ, ಕಣ್ಣಲ್ಲಿ ನೀರೂ ಬಂತು. ಒಲೆಯ ಹೊಗೆ ಎಂದೆ, ನಮ್ಮದು ಗ್ಯಾಸ್ ಒಲೆ. ಮರುದಿನ ಕಾರನ್ನು ಮನೆಯ ಮುಂದೆಯೇ ಬಿಟ್ಟು ಬಸ್ಸು ಹತ್ತಿ ಆಕೆಯ ಪಕ್ಕ ಕೂತೆ. ಆಕೆ ಸರಿದು ಜಾಗ ಕೊಟ್ಟಳು, ನಕ್ಕಳು ಕೂಡ. ದಾರಿಯಲ್ಲಿನ ರಾಜೇಶ್ವರ ಊರು ದಾಟುವವರೆಗೆ ನಾನು ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಬಸ್ಸು ಒಂದು ಗುಂಡಿಗಿಳಿದು ಇಬ್ಬರನ್ನೂ ಗೇಣುದ್ದ ಮೇಲೆತ್ತಿ ಕೆಡವಿತು. "ನೋಡು, ಇದರ ಹಿಂದಿನ ಸ್ಪ್ರಿಂಗು ಪಟ್ಟಿಪಟ್ಟಿದು ಇರ್ತದ..." ಎಂದೆ, ಅಷ್ಟೇ. ಸುವರ್ಣಾ ಚೀಲ ಎತ್ತಿಕೊಂಡು ಎದ್ದು, ಮುಂದಿನ ಹೆಂಗಸರ ಸೀಟಿನವರಿಗೆ, "ಅಕ್ಕಾರ, ಒಂಚೂರು ಸರೀರಿ," ಎಂದಳು. ಆಕೆ ಬಿಟ್ಟ ಜಾಗದಲ್ಲಿ ರುಮಾಲಿನ ಒಬ್ಬ ಹಿರಿಯರು ಬಂದು ಕೂತರು. ಉಳಿದದ್ದನ್ನು ಅವರಿಗೆ ವಿವರಿಸಿದೆ.