ಎಲ್ಲ ಕುರ್ಚಿಗಳೂ ಭರ್ತಿಯಾಗಿವೆ

ಶಿಶುವಿಹಾರದ ಹಿಂಗೋಡೆ ಬಿದ್ದದ್ದು ಒಂದು ಸೋಮವಾರ. ಮಿಂಚುವಿನ ಅಮ್ಮ ಗಾಬರಿ ಬಿದ್ದದ್ದು ಅದಕ್ಕೂ ಮೂರು ವರ್ಷ ಮೊದಲು, ಮಿಂಚು ಹುಟ್ಟಿದ ದಿನ. ಅಲ್ಲಿಂದೀಚೆಗೆ ಮೇಲೆದ್ದೇ ಇಲ್ಲ. ಬೀದಿಯವರು ಅವಳಿಗೆ ‘ಗಾಬರಿ ಮೇಡಂ’ ಎಂದು ಹೆಸರಿಟ್ಟಿದ್ದರು. ನಾವೂ ಹಾಗೇ ಕರೆದರೆ ಆಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರಕ್ಕೆ ಆಕೆಗೆ ಪುರುಸೊತ್ತಾದರೂ ಎಲ್ಲಿ?

ಹಾಗಂತ ಈ ಸಲದ ಗಾಬರಿಗೆ ಕಾರಣ ಇರಲಿಲ್ಲ ಎನ್ನುವಂತಿಲ್ಲ. ಬಿದ್ದ ಗೋಡೆಯ ಆಚೆ ಲಾರಿ ಓಡಾಡುವ ರಸ್ತೆ. ಟೀಚರ್ ಎರಡು ಬೆಂಚು ಅಡ್ಡವಿಟ್ಟು ಹಗ್ಗ ಕಟ್ಟಿದರು. ಮಿಕ್ಕ ಮಕ್ಕಳು ಹಗ್ಗ ನೋಡಿ ನಿಂತವು. ಮಿಂಚು ಮಾತ್ರ ಹೆಸರಿಗೆ ತಕ್ಕ ಹಾಗೆ ಬೆಂಚಿನಡಿ ನುಸುಳಿ, ರಸ್ತೆಯಂಚಿಗೆ ಹೋಗಿ, ಮೂರು ಲಾರಿಗಳಿಗೆ ಕೈ ಬೀಸಿ ಬಂದಿದ್ದಳು. ಗೋಡೆ ಎದ್ದರೆ ಶಿಶುವಿಹಾರ. ಇಲ್ಲದಿದ್ದರೆ ಮಗಳು ದಿನವಿಡೀ ಮನೆಯಲ್ಲಿ, ಸೆರಗಿಗೆ ಗಂಟು ಹಾಕಿಕೊಂಡು.

ಪೋಷಕರ ಸಭೆ ಸೇರಿತು. ಬಡಾವಣೆಯ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಒಂದು ಸಾಮೂಹಿಕ ಊಟ, ಬಂದವರು ಬಾಗಿಲಲ್ಲಿಟ್ಟ ಡಬ್ಬಿಗೆ ಕೈಲಾದದ್ದು ಹಾಕುವುದು, ಅದರಿಂದ ಗೋಡೆ ಎಂದು ತೀರ್ಮಾನವಾಯಿತು. ಇದ್ದದ್ದು ನೂರಿಪ್ಪತ್ತು ಕುರ್ಚಿ.

“ನಮ್ಮಂಗಡಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರೆ ಮುಗೀತು. ಬರೋವ್ರು ಬರ್ತಾರೆ,” ಎಂದ ದರ್ಜಿ.

“ಮುನ್ನೂರು ಜನ ಬಂದುಬಿಟ್ರೆ?” ಎಂದು ಗಾಬರಿ ಮೇಡಂ ಎದ್ದು ನಿಂತಳು. “ನೂಕುನುಗ್ಗಲಾದ್ರೆ? ಯಾರಿಗಾದ್ರೂ ಏನಾದ್ರೂ ತಿಂದು ಮೈಯೆಲ್ಲ ದದ್ದು ಎದ್ದರೆ? ವೆಬ್‌ಸೈಟ್ ಬೇಕು. ನಾನೇ ಮಾಡ್ತೀನಿ.”

ಮದುವೆಗೆ ಮುಂಚೆ ಅವಳು ಆರು ತಿಂಗಳು ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದಳು. ಆ ವಿದ್ಯೆಯ ಪ್ರಮಾಣಪತ್ರ ಬೀರುವಿನಲ್ಲಿ ಮಗುವಿನ ಲಸಿಕೆ ಚೀಟಿಯ ಕೆಳಗೆ ತಪಸ್ಸು ಮಾಡುತ್ತಿತ್ತು. ಈಗ ವರ ಸಿಕ್ಕಿತು.

ಜಾಲತಾಣ ನಿರ್ಮಾಣ ಮಹಾಯಜ್ಞ ಒಂಬತ್ತು ದಿನ ನಡೆಯಿತು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಮೂರನೇ ದಿನ ಇಣುಕಿ ನೋಡಿದ.

“ಇದೇನೇ, ಊಟಕ್ಕೆ ಬರೋರಿಗೆ ಇಪ್ಪತ್ತೆರಡು ಪ್ರಶ್ನೆ? ನನ್ನನ್ನ ಮದುವೆ ಆಗೋವಾಗ ನಿಮ್ಮಪ್ಪ ಕೇಳಿದ್ದೇ ನಾಲ್ಕು.”

“ಅದಕ್ಕೇ ಹೀಗಾಗಿದ್ದು.”

“ಕೆಳಗಡೆ ಇರುವೆ ಸಾಲಿನ ಹಾಗೆ ಏನೋ ಇದೆಯಲ್ಲ?”

“ಸುರಕ್ಷತಾ ಸೂಚನೆಗಳು ರೀ.”

“ನಮ್ಮಂಗಡಿ ಕಣ್ಣು ಪರೀಕ್ಷೆ ಬೋರ್ಡಿನ ಕೊನೇ ಸಾಲು ಓದಿದವನೂ ಇದನ್ನ ಓದಲಾರ. ಇರಲಿ ಬಿಡು, ಎಲ್ಲರೂ ಕನ್ನಡಕಕ್ಕೆ ನನ್ನ ಹತ್ರಾನೇ ಬರ್ತಾರೆ.”

ಸೈಟಿನಲ್ಲೇ ಹಣ ಕಟ್ಟುವ ಏರ್ಪಾಡನ್ನು ಅವಳು ಮಾಡಲೇ ಇಲ್ಲ; ಕಳ್ಳರು ನುಗ್ಗಿದರೆ? ಹೆಸರುಗಳ ಪಟ್ಟಿ ಯಾರ ಕಣ್ಣಿಗೂ, ತನ್ನ ಕಣ್ಣಿಗೂ, ಊಟದ ದಿನದ ಬೆಳಗಿನವರೆಗೆ ಬೀಳದಂತೆ ಬೀಗ ಹಾಕಿದಳು. ಪರರ ವಿವರ ತನ್ನಿಂದಲೇ ಸೋರಿಹೋದರೆ? ಮೊದಲ ಪುಟದಲ್ಲಿ ಮಾತ್ರ ಎಷ್ಟು ಕುರ್ಚಿ ತುಂಬಿತು ಎಂಬ ಲೆಕ್ಕ ಕಾಣುತ್ತಿತ್ತು. ಅಡುಗೆಯವರು ಅದನ್ನು ನೋಡಿಕೊಂಡು ಒಲೆ ಹಚ್ಚಬೇಕು.

ಇನ್ನು ಪರೀಕ್ಷೆ. ನಡುರಾತ್ರಿ ಎದ್ದು ಗ್ಯಾಸ್ ಒಲೆಯ ಗುಂಡಿಯನ್ನು ಎರಡೆರಡು ಸಲ ಮುಟ್ಟಿ ನೋಡುವ ಹೆಂಗಸು ವೆಬ್‌ಸೈಟನ್ನು ಒಂದು ಸಲ ನೋಡಿ ಬಿಡುತ್ತಾಳೆಯೇ? ವಯಸ್ಸಾದವರು ಬಂದರೆ ಸೈಟು ತಡೆದುಕೊಳ್ಳುತ್ತದೆಯೋ ಎಂದು ಒಬ್ಬ ಮುದುಕನನ್ನು ಸೃಷ್ಟಿಸಿದಳು. ಮಕ್ಕಳೊಂದಿಗರು ಬಂದರೆ ಎಂದು ಒಬ್ಬ ತಾಯಿಯನ್ನು ಹುಟ್ಟಿಸಿದಳು. ಬ್ರಹ್ಮನಿಗೂ ಒಂದು ದಿನ ಸುಸ್ತಾದೀತು, ಇವಳಿಗೆ ಸೈಟು ತೆರೆದ ಮೇಲೂ ಆಗಲಿಲ್ಲ. ಇದಕ್ಕೆಂದೇ ಪ್ರಯೋಗದ ಪುಟ ಬೇರೆ, ನಿಜದ ಪುಟ ಬೇರೆ ಮಾಡಿಕೊಂಡಿದ್ದಳಾದ್ದರಿಂದ ಚಿಂತೆ ಇರಲಿಲ್ಲ. (ಅವಳಿಗೆ ಚಿಂತೆ ಇಲ್ಲದ ಜಾಗ ಜಗತ್ತಿನಲ್ಲಿ ಅದೊಂದೇ. ಅಲ್ಲೇ ಹಾವಿದ್ದದ್ದು.)

ಸೈಟು ತೆರೆದ ಎರಡನೇ ದಿನವೇ ಮೊದಲ ಪುಟದಲ್ಲಿ ಕೆಂಪಕ್ಷರ ಬಂತು: ‘ಎಲ್ಲ ಕುರ್ಚಿಗಳೂ ಭರ್ತಿಯಾಗಿವೆ.’

ಗಾಬರಿ ಮೇಡಂ ಅತ್ತೆಗೆ, ಗಂಡನಿಗೆ, ಹಾಲಿನವನಿಗೆ, ಎಲ್ಲರಿಗೂ ತೋರಿಸಿದಳು. ಬೀದಿಯಲ್ಲಿ ತಲೆ ಎತ್ತಿ ನಡೆದಳು. ಮದುವೆಯಾದ ಮೇಲೆ ಇದೇ ಮೊದಲು.

“ಮೇಡಂ, ನಾವು ಮನೇಲಿ ಆರು ಜನ,” ಎಂದು ದರ್ಜಿ ಬಂದ. “ಆ ಇಪ್ಪತ್ತೆರಡು ಪ್ರಶ್ನೆ ಬರೆದು ಮುಗಿಸೋದ್ರೊಳಗೆ ಭರ್ತಿ ಅಂತ ಬಂತು. ಹೇಗಾದ್ರೂ ಮಾಡಿ...”

“ಆಗಲ್ಲಪ್ಪ. ನಿಮಗೆ ಕೊಟ್ರೆ ಇನ್ನೊಬ್ಬರಿಗೆ ಬೇಜಾರು.”

ಇಸ್ತ್ರಿ ಅಂಗಡಿಯಾಕೆ ಬಂದಳು. ಗ್ಯಾರೇಜಿನ ಮೆಕ್ಯಾನಿಕ್ ತನ್ನ ಪೂರ್ತಿ ದಂಡಿನ ಪರವಾಗಿ ಬಂದ. ಗಾರೆ ಮೇಸ್ತ್ರಿ ಬಂದ. ಆ ಗೋಡೆ ಕಟ್ಟಬೇಕಾದವನೇ ಅವನು. ಎಲ್ಲರನ್ನೂ ಆಕೆ ನಯವಾಗಿ ವಾಪಸು ಕಳಿಸಿದಳು.

“ಮನೆ ಬಾಗಿಲಿಗೆ ಬಂದವರನ್ನ ಹೀಗೆ ಕಳಿಸ್ತಾರೇನಮ್ಮಾ?” ಎಂದರು ಅತ್ತೆ. ಅವರು ನಿವೃತ್ತ ಶಾಲಾ ಶಿಕ್ಷಕಿ.

“ಶಿಸ್ತು ಬೇಕು ಅಂತ ನೀವೇ ಹೇಳ್ತೀರಲ್ಲ ಅತ್ತೆ.”

ಅತ್ತೆ ತಾವೇ ಎದ್ದು ಒಳಗೆ ಹೋದರು. ಇದೂ ಮೊದಲ ಸಲ.

ಭಾನುವಾರ ಬಂತು. ನೂರಿಪ್ಪತ್ತು ಜನರ ಅಡುಗೆ ಹಂಡೆಗಳಲ್ಲಿ ಹಬೆಯಾಡುತ್ತಿತ್ತು. ಬೆಳಿಗ್ಗೆ ಪಟ್ಟಿಯ ಬೀಗ ತೆರೆದುಕೊಂಡಿತು. ಗಂಡ ಅದನ್ನು ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ, ಹೆಂಡತಿಯ ಕಟ್ಟಪ್ಪಣೆಯಂತೆ ಓದದೆ ಲಕೋಟೆಗೆ ಹಾಕಿ, ಬಾಗಿಲಲ್ಲಿ ಡಬ್ಬಿಯ ಪಕ್ಕ ಕೂತಿದ್ದ ತನ್ನ ಅಮ್ಮನ ಕೈಗೆ ಕೊಟ್ಟ. ಮೂವತ್ತೆರಡು ವರ್ಷ ಹಾಜರಿ ಕೂಗಿದ ಗಂಟಲು ಅದು.

ಹನ್ನೆರಡೂವರೆಗೆ ಇಪ್ಪತ್ತಮೂರು ಜನ ಬಂದು ಕೂತರು. ಒಂದು ಗಂಟೆಗೂ ಇಪ್ಪತ್ತಮೂರೇ.

“ಬಾರದವರ ಹೆಸರು ಕೂಗ್ತೀನಿ,” ಎಂದು ಅತ್ತೆ ಕನ್ನಡಕ ಏರಿಸಿದರು. “ಒಂದು. ಅ ಅ ಅ ಅ ಅ.”

ಯಾರೂ ‘ಹಾಜರ್’ ಎನ್ನಲಿಲ್ಲ.

“ಎರಡು. ತಾತ. ವಯಸ್ಸು ನೂರಾನಾಲ್ಕು. ಹಲ್ಲಿಲ್ಲ, ಮೆಟ್ಟಿಲು ಹತ್ತಲಾರರು.” ಅತ್ತೆ ತಲೆ ಎತ್ತಿದರು. “ಪಾಪ, ಯಾರಾದ್ರೂ ಕರ್ಕೊಂಡು ಬರ್ತಿದಾರಾ? ಮೂರು. ಹನ್ನೆರಡು ಮಕ್ಕಳ ತಾಯಿ. ಮಕ್ಕಳು ಕಚ್ಚುತ್ತಾರೆಯೇ? ಹೌದು, ಹನ್ನೆರಡೂ. ಈ ಪುಣ್ಯಾತ್ಗಿತ್ತಿ ಯಾವ ಬೀದಿಯವಳು? ನಾಲ್ಕು. ಮಗು. ವಯಸ್ಸು... ಸೊನ್ನೆಗಿಂತ ಒಂದು ವರ್ಷ ಕಡಿಮೆ.”

ಗಾಬರಿ ಮೇಡಂ ಬಡಿಸುವ ಸೌಟು ಹಿಡಿದು ನಿಂತಲ್ಲೇ ಕಲ್ಲಾದಳು. ಪುಟ ಎರಡು ಮಾಡಿದ್ದಳು, ನಿಜ. ಎರಡೂ ಪುಟ ಹೆಸರು ಬರೆದುಕೊಂಡದ್ದು ಒಂದೇ ಪಟ್ಟಿಗೆ. ತೊಂಬತ್ತೇಳು ಕುರ್ಚಿ ಭರ್ತಿ ಮಾಡಿದ್ದವಳು ಅವಳೊಬ್ಬಳೇ.

ಡಬ್ಬಿ ಅಲುಗಾಡಿಸಿದರೆ ಒಳಗೆ ಗಿಲಗಿಲ ಎನ್ನುತ್ತಿತ್ತು. ಅಷ್ಟು ದುಡ್ಡಿನಲ್ಲಿ ಗೋಡೆಯ ಪಾಯವೂ ಏಳುವುದಿಲ್ಲ. ಟೀಚರ್ ಡಬ್ಬಿ ನೋಡಿದರು, ಅಡುಗೆಯವರು ಹಂಡೆ ನೋಡಿದರು, ಗಂಡ ಚಾವಣಿ ನೋಡಿದ.

“ರೀ, ಏನ್ರೀ ಮಾಡೋದು?”

“ಚೀಟಿ ಅಂಟಿಸೋಕೂ ಹೊತ್ತಿಲ್ಲ. ಕಾಲಿದೆಯಲ್ಲ, ಓಡು.”

ಓಡಿದಳು. ಮಗಳು ಇಂಥ ಓಟ ಎಲ್ಲಿಂದ ಕಲಿತಳು ಎಂಬುದು ಬೀದಿಗೆ ಆವತ್ತು ತಿಳಿಯಿತು. ಮೊದಲು ದರ್ಜಿ ಅಂಗಡಿ.

“ಊಟಕ್ಕೆ ಬನ್ನಿ! ಆರೂ ಜನ ಬನ್ನಿ!”

“ಭರ್ತಿ ಅಂದ್ರಲ್ಲ ಮೇಡಂ?”

“ಖಾಲಿಯಾಯ್ತು.”

“ಊಟ ಶುರುವಾಗೋ ಮೊದಲೇ ಎದ್ದು ಹೋದ್ರಾ? ಅಡುಗೆ ಅಷ್ಟು ಚೆನ್ನಾಗಿದೆಯಾ?”

“ಅವರು ಬಂದೇ ಇಲ್ಲ ಕಣ್ರೀ. ಅವರು... ಹುಟ್ಟೇ ಇಲ್ಲ!” ಎಂದು ಅಳುತ್ತ ಎಲ್ಲ ಹೇಳಿಬಿಟ್ಟಳು. ದರ್ಜಿ ಕತ್ತರಿ ಕೆಳಗಿಟ್ಟ. ನಗಬೇಕಾದರೆ ಎರಡೂ ಕೈ ಖಾಲಿ ಇರಬೇಕು.

ಸುದ್ದಿ ಅವಳಿಗಿಂತ ಜೋರಾಗಿ ಓಡಿತು. ಇಸ್ತ್ರಿಯಾಕೆ ಪೆಟ್ಟಿಗೆ ಆರಿಸಿ ಬಂದಳು. ಗ್ಯಾರೇಜು ಬಾಗಿಲೆಳೆದುಕೊಂಡು ಬಂತು. ಹುಟ್ಟದವರ ಹೆಸರಿನಲ್ಲಿ ಉಣ್ಣುವ ಅವಕಾಶ ದಿನಾ ಸಿಗುತ್ತದೆಯೇ? ಸಭಾಂಗಣದ ಬಾಗಿಲಲ್ಲಿ ಸಾಲು ನಿಂತಿತು. ಆದರೆ ಅಲ್ಲಿ ಅತ್ತೆ ಇದ್ದರು.

“ಹಾಜರಿ ಇಲ್ಲದೆ ಒಳಗೆ ಬಿಡೋಲ್ಲ. ಪಟ್ಟಿಯಲ್ಲಿ ಯಾವ ಹೆಸರಾದ್ರೂ ಸರಿ, ಒಂದು ಹೇಳಿ.”

“ನೂರಾನಾಲ್ಕು ವರ್ಷದ ತಾತ, ಹಾಜರ್!” ಎಂದ ದರ್ಜಿ, ಮೂವತ್ತೆರಡು ಹಲ್ಲನ್ನೂ ತೋರಿಸಿ. ಮೀಸೆಯ ಮೆಕ್ಯಾನಿಕ್ ಹನ್ನೆರಡು ಮಕ್ಕಳ ತಾಯಿಯಾದ. ಹಿಂದಿದ್ದ ಅವನ ದಂಡು ಕಚ್ಚಲು ಸಿದ್ಧವಾಯಿತು. ಆರಡಿ ಎತ್ತರದ ಗಾರೆ ಮೇಸ್ತ್ರಿ ಬಾಗಿಲಲ್ಲಿ ಬಗ್ಗಿ, “ಇನ್ನೂ ಹುಟ್ಟದ ಮಗು ಬಂದೀನಮ್ಮ,” ಎಂದ. ಪ್ರತಿಯೊಬ್ಬರೂ ನಗುನಗುತ್ತ ಡಬ್ಬಿಗೆ ಹಾಕಿದರು. ಕೈಲಾದದ್ದಕ್ಕಿಂತ ಹೆಚ್ಚೇ ಹಾಕಿದರು. ನಗುವಾಗ ಕೈಗೆ ಹಿಡಿತ ಇರುವುದಿಲ್ಲ. ಕೊನೆಗೆ ಡಬ್ಬಿಯ ಮುಚ್ಚಳ ಕೂರಲಿಲ್ಲ.

“ನಾಳೆ ಬೆಳಿಗ್ಗೇನೇ ಗೋಡೆಗೆ ದಾರ ಹಿಡೀತೀನಿ,” ಎಂದ ಮೇಸ್ತ್ರಿ ಎರಡನೇ ಸಲ ಬಡಿಸಿಕೊಳ್ಳುತ್ತ. “ನಿಮ್ಮ ಮಗಳಿಗಾಗಿ ಗೋಡೆ ಒಂದಡಿ ಎತ್ತರಾನೇ ಕಟ್ತೀನಿ.”

ಟೀಚರ್ ಕಣ್ಣೊರೆಸಿಕೊಂಡರು. ಗಾಬರಿ ಮೇಡಂ ಬೆಳಗಿನಿಂದ ಹನಿ ನೀರು ಕುಡಿಯದವಳು. ಎಲ್ಲರಿಗೂ ಬಡಿಸಿ, ತಟ್ಟೆ ಹಿಡಿದು, ಉಳಿದಿದ್ದ ಒಂದೇ ಕುರ್ಚಿಯ ಕಡೆ ಹೊರಟಳು.

“ಎಲ್ಲಿಗಮ್ಮಾ? ಹಾಜರಿ?” ಅತ್ತೆಯ ಧ್ವನಿ.

“ಅತ್ತೆ, ನಾನು ಅತ್ತೆ!”

“ನಿನ್ನ ಹೆಸರು ಇಲ್ಲಿಲ್ಲ. ಊರಿಗೆಲ್ಲ ಕುರ್ಚಿ ಬರೆದವಳು ನಿನಗೆ ಬರ್ಕೊಂಡಿಲ್ಲ.” ಬೆರಳು ಪಟ್ಟಿಯ ಕೊನೆಗೆ ಇಳಿಯಿತು. “ಉಳಿದಿರೋದು ಒಂದೇ. ನೂರಿಪ್ಪತ್ತು. ಹೆಂಗಸು, ವಯಸ್ಸು ಮೂವತ್ತು. ಯಾವ ಆಹಾರವೂ ಒಗ್ಗುವುದಿಲ್ಲ. ಬಿಸಿನೀರು ಮಾತ್ರ. ಇದು ನೀನಾ?”

ಒಗ್ಗದ ಆಹಾರದ ಕಾಲಂ ಸರಿಯಾಗಿ ಕೆಲಸ ಮಾಡುತ್ತದೆಯೋ ಎಂದು ತಾನೇ ತುಂಬಿದ್ದ ಹೆಸರು. ಇಡೀ ಸಭಾಂಗಣ ಕೈಯಲ್ಲಿ ತುತ್ತು ಹಿಡಿದು ಕಾಯುತ್ತಿತ್ತು.

“ಹಾಜರ್,” ಎಂದಳು.

ಅತ್ತೆ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಮೇಸ್ತ್ರಿಗೆ ಮೂರನೇ ಸಲ ಬಡಿಸಿದರು. ಆಮೇಲೆ ಅಡುಗೆಮನೆಗೆ ಹೋಗಿ, ಒಂದು ಲೋಟ ಬಿಸಿನೀರು ತಂದು, ಆರಿದೆಯೇ ಎಂದು ಬೆರಳಿಟ್ಟು ನೋಡಿ, ಸೊಸೆಯ ಮುಂದೆ ಇಟ್ಟರು.

“ನಿಧಾನಕ್ಕೆ ಕುಡಿಯಮ್ಮಾ. ನಾಲಿಗೆ ಸುಟ್ಟುಕೊಂಡ್ರೆ?”