ಮನೆ ತುಂಡಿನ ಗೋಧಿಯ ಬೇರು ಬಿಟ್ಟು ಹೋದ ಶಿಲೀಂಧ್ರದವರಿಗೆ

ಮಾನ್ಯರೇ,

ತಮ್ಮನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಇಷ್ಟು ವರ್ಷ ನಮ್ಮ ಹೊಲದಲ್ಲಿ ಬಾಡಿಗೆಯಿಲ್ಲದೆ ಇದ್ದವರೆಂಬ ಸಲುಗೆಯಿಂದ, ಹಿತ್ತಲ ಮೆಟ್ಟಿಲ ಮೇಲೆ ಕೂತು, ನೆಲದ ಕಡೆ ತಿರುಗಿ ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣ, ತಮ್ಮ ವಿಳಾಸ ಅಂಚೆಯವರಿಗೆ ಗೊತ್ತಿಲ್ಲ.

ಕಾಳು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವ ನನ್ನ ಸೊಸೆ ತಮ್ಮನ್ನು ಬಾಯ್ತುಂಬ ಹೊಗಳುತ್ತಾಳೆ. ತಾವು ಗೋಧಿಯ ಬೇರಿನೊಳಗೆ ಕೂದಲಿಗಿಂತ ತೆಳುವಾದ ಎಳೆಗಳನ್ನು ಇಳಿಸಿ, ಬೇರಿಗೆ ಎಟುಕದ ಕಡೆಯಿಂದ ರಂಜಕವನ್ನೂ ಸತುವನ್ನೂ ತಂದುಕೊಟ್ಟು, ಕೂಲಿಯಾಗಿ ಒಂದಿಷ್ಟು ಸಕ್ಕರೆ ಮಾತ್ರ ಪಡೆದು, ಕ್ಯಾಡ್ಮಿಯಂ ಎಂಬ ವಿಷದ ಲೋಹ ಬಂದರೆ ಸಾಧ್ಯವಾದಷ್ಟನ್ನು ತಮ್ಮಲ್ಲೇ ಹಿಡಿದಿಟ್ಟು ಕಾಳಿಗೆ ಹೋಗದಂತೆ ನೋಡಿಕೊಳ್ಳುತ್ತೀರಂತೆ. ನನ್ನ ಮದುವೆಯಾದಾಗಿನಿಂದ ಇಷ್ಟು ಹೊಗಳಿಕೆ ನನಗೂ ಈ ಮನೆಯಲ್ಲಿ ಸಿಕ್ಕಿಲ್ಲ.

ಹೀಗಿರುವಾಗ ತಾವು ಹೇಳದೆ ಕೇಳದೆ ಗಂಟುಮೂಟೆ ಕಟ್ಟಿದ್ದೇಕೆ ಎಂಬುದೇ ನನ್ನ ದೂರು. ಅಡುಗೆಮನೆಯ ಹಿಂದಿನ ತುಂಡು ನೆಲದಲ್ಲಿ ಬೆಳೆದದ್ದನ್ನು ನಾವು ಮಾರುವುದಿಲ್ಲ, ಅದು ಮನೆಮಂದಿಗೆ, ಅದಕ್ಕೇ ಅದು ಮನೆ ತುಂಡು. ಮಾರುವ ಗೋಧಿ ಬೆಳೆಯುವ ದೊಡ್ಡ ಹೊಲಕ್ಕೆ ನನ್ನ ಮೈದುನ ಗೊಬ್ಬರ ಹಾಕುತ್ತಾನೆ, ಅವನದು ಮಹಾ ಬಿಗಿ ಕೈ. ಅವನು ಉಳಿಸಿದ ರಂಜಕದ ಗೊಬ್ಬರವನ್ನೆಲ್ಲ ನಾನು ವರ್ಷವರ್ಷವೂ ಮನೆ ತುಂಡಿಗೆ ಚೆಲ್ಲುತ್ತ ಬಂದೆ. ನಮ್ಮವರು ತಿನ್ನುವುದಕ್ಕೆ ಲೆಕ್ಕ ನೋಡಬಾರದಲ್ಲ. ಮೊಮ್ಮಗಳು ಹುಟ್ಟಿದ ವರ್ಷ ಖುಷಿಗೆ ಇನ್ನೊಂದು ಮೂಟೆ ಸೇರಿಸಿದೆ. ಪೈರು ಕಪ್ಪುಹಸಿರಾಗಿ ನಿಂತು, ದಾರಿಹೋಕರು ನಿಂತು ನೋಡುವ ಹಾಗಾಯಿತು.

ರಂಜಕ ಬಾಗಿಲಿಗೇ ಬಂದು ಬಿದ್ದರೆ ಗೋಧಿ ತಮಗೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಆಗ ತಾವು ಜಾಗ ಖಾಲಿ ಮಾಡುತ್ತೀರಿ, ತಮ್ಮೊಂದಿಗೆ ಸತುವೂ ಕಡಿಮೆಯಾಗುತ್ತದೆ, ಕಲ್ಲು ಅರೆದು ಮಾಡಿದ ಆ ಗೊಬ್ಬರದಲ್ಲೇ ಅಷ್ಟಿಷ್ಟು ಕ್ಯಾಡ್ಮಿಯಂ ಇತ್ತು ಎಂದು ಸೊಸೆ ತಮ್ಮ ಪರವಾಗಿ ವಾದಿಸಿದಳು. ನಾನು ಒಪ್ಪಲಿಲ್ಲ. ಊಟ ಹೆಚ್ಚಾಯಿತೆಂದು ಮನೆ ಬಿಟ್ಟುಹೋದ ನೆಂಟರನ್ನು ನಾನು ಇದುವರೆಗೆ ಕಂಡಿಲ್ಲ.

ಮಗುವಿಗೆ ಗಂಜಿ ಶುರುಮಾಡುವ ಮೊದಲು ಸೊಸೆ ಎರಡೂ ಕಡೆಯ ಗೋಧಿಯನ್ನು ಪರೀಕ್ಷೆಗೆ ಒಯ್ದಿದ್ದಳು. ಊರವರಿಗೆಂದು ಬೆಳೆದದ್ದು ಚೆನ್ನಾಗಿದೆ, ಮನೆಯವರಿಗೆಂದು ಬೆಳೆದದ್ದರಲ್ಲಿ ವಿಷ ಮಿತಿ ಮೀರಿದೆ. ನಾನು ಆರಿಸಿ, ಹುರಿದು, ಬೀಸಿಟ್ಟಿದ್ದ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಿ, "ಅತ್ತೆ, ಮಗೂಗೆ ಇದು ಬೇಡ. ಮಾರೋಕಿಟ್ಟಿರೋದ್ರಲ್ಲೇ ಮಾಡ್ತೀನಿ," ಎಂದಳು. ಜೋರಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಮೆಲ್ಲಗೆ ಹೇಳಿದ್ದರಿಂದ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಆದ್ದರಿಂದ ತಾವು ಈ ಪತ್ರ ತಲುಪಿದ ಕೂಡಲೇ ಸಂಸಾರ ಸಮೇತ ಹಿಂದಿರುಗಬೇಕು. ಈಗಾಗಲೇ ಮಣ್ಣು ಸೇರಿರುವ ಕ್ಯಾಡ್ಮಿಯಂ ಅನ್ನು ಒಂದು ಕಣವೂ ಬಿಡದೆ ಹೆಕ್ಕಿ ಗೊಬ್ಬರದ ಅಂಗಡಿಯ ಜಗಲಿಗೆ ತಲುಪಿಸಬೇಕು. ನಾನು ಚೆಲ್ಲಿದ್ದರಲ್ಲಿ ಅಕ್ಕರೆಯನ್ನು ಮಾತ್ರ ಸೋಸಿ ಕಾಳಿಗೆ ಕಳಿಸಬೇಕು. ತಮ್ಮಂಥ ಸಮರ್ಥರಿಗೆ ಇದೇನು ಮಹಾ ಕೆಲಸವಲ್ಲವೆಂದು ನಂಬಿರುವ,

ತಮ್ಮ ವಿಶ್ವಾಸಿ,
ಮನೆ ತುಂಡಿನ ಯಜಮಾನಿ

ಮರೆತ ಮಾತು: ತಾವು ಬರಲೆಂದು ಈ ಸಲ ಆ ತುಂಡಿಗೆ ಒಂದು ಹಿಡಿ ಗೊಬ್ಬರವನ್ನೂ ಹಾಕಿಲ್ಲ. ಪೈರು ಬಿಳಿಚಿಕೊಂಡಿದೆ. "ಇಷ್ಟು ಅಲಕ್ಷ್ಯ ಮಾಡಿದ್ದೀರಲ್ಲ, ಯಾರಿಗಾದರೂ ಗುತ್ತಿಗೆಗೆ ಕೊಟ್ಟಿರಾ?" ಎಂದು ಪಕ್ಕದ ಹೊಲದಾಕೆ ನನ್ನನ್ನು ಕೇಳಿದಳು. "ಇಲ್ಲ, ಅದು ನನ್ನ ಮೊಮ್ಮಗಳಿಗೆ," ಎಂದೆ. ಆಕೆ ನನ್ನನ್ನು ನೋಡಿದ ನೋಟಕ್ಕೆ ತಾವೇ ಹೊಣೆ.